ನಗೆಚಿತ್ರದ ಅಡಿಬರಹ: ನ್ಯಾಮತಿ ಸೀಮೆಯನ್ನು ಮುಂದಿರಿಸಿಕೊಂಡು ಒಂದು ಜಾನಪದೀಯ ವಿವೇಚನೆ

ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಅದಕ್ಕೆ ನಗೆ ಹುಟ್ಟಿಸುವ ಮಾತನ್ನು ಜೋಡಿಸುವುದು ಒಂದು ರಚನಾಕ್ರಿಯೆ. ಪತ್ರಿಕೆಯ ವ್ಯಂಗ್ಯಚಿತ್ರದ ಕೆಳಗಿನ ಒಂದು ಸಾಲು, ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಬಿಡಿಸಿದ ಹದ್ದಿನ ಪಕ್ಕದ ಬರಹ, ಮೊಬೈಲ್ ಪರದೆಯಲ್ಲಿ ಸಿನಿಮಾ ನಟನ ಮುಖದ ಮೇಲೆ ಕೂರಿಸಿದ ಸಂಭಾಷಣೆ, ಇವೆಲ್ಲವೂ ಅದೇ ಕ್ರಿಯೆಯ ಬೇರೆ ಬೇರೆ ರೂಪಗಳು. ಇವುಗಳಲ್ಲಿ ಮೊದಲನೆಯದನ್ನು ಪತ್ರಿಕೋದ್ಯಮದವರು ತಮ್ಮದೆಂದುಕೊಂಡರು. ಎರಡನೆಯದನ್ನು ಪ್ರವಾಸಿಗರು ನೋಡಿ ನಕ್ಕು ಮರೆತರು. ಮೂರನೆಯದು ಹುಡುಗರ ಕಾಲಹರಣವೆಂದು ಪಕ್ಕಕ್ಕೆ ಸರಿಯಿತು. ಆದರೆ ಕರ್ತೃವಿನ ಹೆಸರಿಲ್ಲದಿರುವುದು, ಒಬ್ಬರಿಂದೊಬ್ಬರಿಗೆ ಹರಡುವುದು, ಹರಡುವಾಗ ಪಾಠಾಂತರ ಪಡೆಯುವುದು, ಸಿದ್ಧಸೂತ್ರಗಳ ಮೇಲೆ ನಿಲ್ಲುವುದು ಎಂಬ ನಾಲ್ಕು ಲಕ್ಷಣಗಳನ್ನು ಗಾದೆ, ಒಗಟು, ಲಾವಣಿಗಳ ವಿಷಯದಲ್ಲಿ ಒಪ್ಪಿಕೊಳ್ಳುವ ಜಾನಪದ ವಿದ್ವಾಂಸರು, ಅವೇ ಲಕ್ಷಣಗಳು ಇಲ್ಲಿ ಕಂಡಾಗ ಮುಖ ತಿರುಗಿಸುವುದಕ್ಕೆ ತಕ್ಕ ಕಾರಣವಿಲ್ಲ.

ಇಂತಹ ಬರಹಕ್ಕೆ ಕನ್ನಡದಲ್ಲಿ ‘ಶೀರ್ಷಿಕೆ’, ‘ಅಡಿಬರಹ’, ‘ಚಿತ್ರಬರಹ’ ಎಂಬ ಪದಗಳು ಬಳಕೆಯಲ್ಲಿವೆ. ‘ಶೀರ್ಷಿಕೆ’ ಎಂದರೆ ತಲೆಬರಹ, ‘ಅಡಿಬರಹ’ವಾದರೋ ಕೆಳಗಿನದು. ಈಗಿನ ಮೀಮ್‌ಗಳಲ್ಲಿ ಬರಹವು ತಲೆಯಲ್ಲಿಯೂ ಅಡಿಯಲ್ಲಿಯೂ ಕೆಲವೊಮ್ಮೆ ಚಿತ್ರದಲ್ಲಿರುವವರ ಹಣೆಯ ಮೇಲೂ ಇರುತ್ತದೆ. ಆದರೂ ರೂಢಿಯನ್ನು ಅನುಸರಿಸಿ ‘ಅಡಿಬರಹ’ ಎಂಬ ಪದವನ್ನೇ ಈ ಲೇಖನದಲ್ಲಿ ಉಳಿಸಿಕೊಳ್ಳಲಾಗಿದೆ.

ವಿವೇಚನೆಗೆ ನ್ಯಾಮತಿ ಸೀಮೆಯನ್ನು ಆಯ್ದುಕೊಂಡಿರುವುದಕ್ಕೆ ಕಾರಣವುಂಟು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಆ ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯು 2017-18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ಮಲೆನಾಡಿನ ಸೆರಗು ಮತ್ತು ಬಯಲುಸೀಮೆಯ ಅಂಚು ಇಲ್ಲಿ ಕೂಡುತ್ತವೆ. ಅಡಿಕೆ ತೋಟವೂ ಇದೆ, ಮೆಕ್ಕೆಜೋಳದ ಹೊಲವೂ ಇದೆ. ‘ಆಯಿತು, ಹೋಯಿತು’ ಎಂಬಲ್ಲಿ ‘ಆತು, ಹೋತು’ ಎನ್ನುವ ಮಾತಿನ ವಲಯವಿದು. ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಡೆದುಕೊಳ್ಳುವ ಸೂರಗೊಂಡನಕೊಪ್ಪವು ಇದೇ ತಾಲ್ಲೂಕಿನಲ್ಲಿರುವುದರಿಂದ ಕನ್ನಡದ ಜೊತೆಗೆ ಲಂಬಾಣಿ ನುಡಿಯ ದನಿಯೂ ಇಲ್ಲಿ ಕೇಳುತ್ತದೆ. ನಗೆಯ ಮಾತು ನುಡಿಯ ಸೂಕ್ಷ್ಮ ಭೇದಗಳನ್ನೇ ಆಧರಿಸುವುದರಿಂದ, ಇಂತಹ ಗಡಿಸೀಮೆಯಲ್ಲಿ ನಿಂತು ನೋಡಿದಾಗ ಅದರ ಕೆಲಸ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಅಡಿಬರಹ ಕೆಲಸ ಮಾಡುವ ಬಗೆಯನ್ನು ಗಮನಿಸಬೇಕು. ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1964ರ ತನ್ನ ಪ್ರಬಂಧದಲ್ಲಿ, ಚಿತ್ರದೊಂದಿಗಿನ ಮಾತು ಎರಡು ರೀತಿಯಲ್ಲಿ ವರ್ತಿಸುತ್ತದೆ ಎಂದು ವಿವರಿಸಿದ. ಒಂದು, ಹಲವು ಅರ್ಥಗಳಲ್ಲಿ ತೇಲುವ ಚಿತ್ರವನ್ನು ಲಂಗರು ಹಾಕಿ ಒಂದು ಅರ್ಥಕ್ಕೆ ನಿಲ್ಲಿಸುವುದು. ಇನ್ನೊಂದು, ಚಿತ್ರದಲ್ಲಿಲ್ಲದ ಅರ್ಥವನ್ನು ತಾನು ಹೊತ್ತು ತಂದು ಚಿತ್ರದೊಡನೆ ಕೈಜೋಡಿಸುವುದು. ನಗೆಯ ಅಡಿಬರಹ ಬಹುಮಟ್ಟಿಗೆ ಎರಡನೆಯ ಬಗೆಗೆ ಸೇರುತ್ತದೆ. ಅಷ್ಟೇ ಅಲ್ಲ, ಅದು ಲಂಗರು ಹಾಕುವಂತೆ ನಟಿಸಿ ದೋಣಿಯನ್ನು ಬೇರೆಯೇ ದಡಕ್ಕೆ ಒಯ್ಯುತ್ತದೆ.

ಒಂದು ಕಲ್ಪಿತ ಚಿತ್ರವನ್ನು ತೆಗೆದುಕೊಳ್ಳೋಣ. ನ್ಯಾಮತಿ ಬಳಿಯ ಯಾವುದೋ ಹಳ್ಳಿಯ ಅಡಿಕೆ ಒಣಗಿಸುವ ಕಣ. ಬೇಯಿಸಿದ ಕೆಂಪಡಿಕೆಯ ರಾಶಿಯ ಮೇಲೆ ಕೋತಿಯೊಂದು ಕೈಕಟ್ಟಿ ಕುಳಿತು ಕ್ಯಾಮರಾದತ್ತ ಗಂಭೀರವಾಗಿ ನೋಡುತ್ತಿದೆ. ಇದಕ್ಕೆ ‘ಅಡಿಕೆ ರಾಶಿಯ ಮೇಲೆ ಕುಳಿತ ಕೋತಿ’ ಎಂದು ಬರೆದರೆ ನಗೆ ಹುಟ್ಟದು. ಕಣ್ಣು ಕಂಡದ್ದನ್ನು ಮಾತು ಮತ್ತೆ ಹೇಳಿತು, ಅಷ್ಟೆ. ‘ಮಾಲೀಕರು ಊಟಕ್ಕೆ ಹೋಗಿದ್ದಾರೆ, ವ್ಯವಹಾರ ನನ್ನ ಹತ್ತಿರ’ ಎಂದರೆ ಕೋತಿಗೆ ಒಂದು ಹುದ್ದೆ ಬಂತು. ಕಟ್ಟಿದ ಕೈಗೂ ಗಂಭೀರ ಮುಖಕ್ಕೂ ಕಾರಣ ದೊರೆಯಿತು. ಚಿತ್ರದಲ್ಲಿ ಮೊದಲೇ ಇದ್ದ, ಆದರೆ ಯಾರೂ ಗಮನಿಸದಿದ್ದ ಒಂದು ವಿವರವನ್ನು ಮಾತು ಎತ್ತಿ ತೋರಿಸಿತು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ಇದೇ ಚಿತ್ರದ ಕೆಳಗಿಟ್ಟರೆ ಇನ್ನೊಂದು ಬಗೆಯ ನಗೆ. ಗಾದೆಯ ಅಡಿಕೆ ಅಲ್ಪಬೆಲೆಯ ವಸ್ತು, ಕಣದ ಅಡಿಕೆಯಾದರೋ ಮನೆಯ ವರ್ಷದ ಆದಾಯ. ಗಾದೆ ಹುಟ್ಟಿದ ಕಾಲಕ್ಕೂ ಇಂದಿನ ಮಾರುಕಟ್ಟೆಗೂ ನಡುವೆ ಬಿದ್ದ ಅಂತರವೇ ಇಲ್ಲಿ ನಗುತ್ತದೆ. ‘ಯಾಕ್ಲೇ ನೋಡ್ತೀಯ, ರಾಶಿ ಎಷ್ಟಕ್ಕೆ ಹೋತು ಹೇಳು’ ಎಂದರೆ ಕೋತಿ ಸಂಪೂರ್ಣವಾಗಿ ಈ ಸೀಮೆಯದಾಯಿತು. ಶಿವಮೊಗ್ಗ, ಚನ್ನಗಿರಿಗಳ ಅಡಿಕೆ ವಹಿವಾಟಿನಲ್ಲಿ ‘ರಾಶಿ’ ಎಂಬುದು ಗುಡ್ಡೆಯಷ್ಟೇ ಅಲ್ಲ, ‘ಬೆಟ್ಟೆ’, ‘ಸರಕು’, ‘ಗೊರಬಲು’ಗಳಂತೆ ಒಂದು ದರ್ಜೆಯ ಹೆಸರು. ಆ ಶ್ಲೇಷೆ ಅಡಿಕೆ ಬೆಳೆಗಾರನಿಗೆ ತಟ್ಟನೆ ಹೊಳೆಯುತ್ತದೆ, ಬೀದರಿನ ಓದುಗನಿಗೆ ಹೊಳೆಯುವುದಿಲ್ಲ. ‘ಹೋತು’ ಎಂಬಲ್ಲಿ ‘ಹೋಯಿತು’ ಎಂದು ತಿದ್ದಿದರೆ ವಾಕ್ಯ ಶುದ್ಧವಾಗಿ ನಗೆ ಸಾಯುತ್ತದೆ.

ಈ ರಚನೆಯನ್ನು ಒಗಟಿನ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಒಗಟಿನಲ್ಲಿ ಮಾತು ಮೊದಲು ಬರುತ್ತದೆ. ಕೇಳಿದವನು ಅದಕ್ಕೆ ತಕ್ಕ ವಸ್ತುವನ್ನು ಕಂಡುಹಿಡಿಯಬೇಕು. ನಗೆಚಿತ್ರದಲ್ಲಿ ವಸ್ತು ಮೊದಲೇ ಕಣ್ಣೆದುರಿಗಿದೆ. ಅದಕ್ಕೆ ತಕ್ಕ ಮಾತನ್ನು ಹುಡುಕಬೇಕು. ಹೀಗೆ ಅಡಿಬರಹವು ತಿರುವುಮುರುವಾದ ಒಗಟು. ಎರಡರಲ್ಲಿಯೂ ರೂಪಸಾಮ್ಯ ಮತ್ತು ಅನಿರೀಕ್ಷಿತತೆ ಒಟ್ಟಿಗಿರಬೇಕು. ಸಾಮ್ಯ ಮಾತ್ರವಿದ್ದರೆ ಸಪ್ಪೆ. ಅನಿರೀಕ್ಷಿತತೆ ಮಾತ್ರವಿದ್ದರೆ ಅಸಂಬದ್ಧ. ಒಂದು ಭೇದವನ್ನಂತೂ ಮರೆಯಬಾರದು. ಒಗಟಿಗೆ ಉತ್ತರ ಸಾಮಾನ್ಯವಾಗಿ ಒಂದೇ, ಚಿತ್ರಕ್ಕೆ ಅಡಿಬರಹಗಳು ಎಷ್ಟಾದರೂ ಇರಬಹುದು. ಅಮೆರಿಕದ ‘ನ್ಯೂಯಾರ್ಕರ್’ ಪತ್ರಿಕೆಯು ಮಾತಿಲ್ಲದ ವ್ಯಂಗ್ಯಚಿತ್ರವನ್ನು ಅಚ್ಚುಹಾಕಿ ಓದುಗರಿಂದ ಅಡಿಬರಹ ಕರೆಯುವ ಸ್ಪರ್ಧೆಯನ್ನು 2005ರಲ್ಲಿ ವಾರವಾರದ ಅಂಕಣವಾಗಿಸಿದ್ದು ಈ ಬಹುತ್ವವನ್ನೇ ನಂಬಿ.

ಕನ್ನಡ ನಾಡಿನಲ್ಲಿ ಚಿತ್ರಕ್ಕೆ ನಗೆಮಾತು ಕೊಡುವ ವೃತ್ತಿಪರಂಪರೆಯೊಂದು ಅಚ್ಚಿನ ಯಂತ್ರಕ್ಕಿಂತ ಹಿಂದಿನಿಂದಲೂ ಇದೆ. ಅದು ತೊಗಲುಗೊಂಬೆಯಾಟ. ಕಿಳ್ಳೇಕ್ಯಾತರು, ಉತ್ತರದಲ್ಲಿ ಶಿಳ್ಳೇಕ್ಯಾತರು, ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಮಹಾಭಾರತಗಳ ಕಥೆ ಆಡಿಸುವಾಗ ನಡುನಡುವೆ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಎಂಬ ಎರಡು ಹಾಸ್ಯಗೊಂಬೆಗಳು ಪರದೆಗೆ ಬರುತ್ತವೆ. ಡೊಳ್ಳುಹೊಟ್ಟೆ, ದಪ್ಪ ತುಟಿ, ಚಪ್ಪಟೆ ಮೂಗಿನ ಕಿಳ್ಳೇಕ್ಯಾತನ ಆಕೃತಿ ತೊಗಲಿನಲ್ಲಿ ಒಮ್ಮೆ ಕೊರೆದಾದ ಮೇಲೆ ಬದಲಾಗುವುದಿಲ್ಲ. ಬದಲಾಗುವುದು ಅವನ ಮಾತು. ರಾಮನ ಮಾತಿಗೆ ಕಥೆಯ ಕಟ್ಟುಪಾಡಿದೆ, ಕಿಳ್ಳೇಕ್ಯಾತನಿಗೆ ಅದಿಲ್ಲ. ಅವನು ಆಟ ನಡೆಯುವ ಊರಿನ ಜಗಳ, ಬಾರದ ಮಳೆ, ಊರ ಗೌಡರ ಜಿಪುಣತನ ಯಾವುದನ್ನಾದರೂ ಎತ್ತಿಕೊಳ್ಳಬಹುದು. ಆಡಿಸುವವರ ಮನೆಮಾತು ಮರಾಠಿಯ ಒಂದು ಪ್ರಭೇದ. ಪರದೆಯ ಮಾತು ಕನ್ನಡ. ಕನ್ನಡದ ಹಳ್ಳಿಗಳನ್ನು ನಗಿಸಿದ ಈ ಮಾತುಗಾರರು ಆ ಭಾಷೆಯನ್ನು ಹೊರಗಿನಿಂದ ಆಲಿಸಿ ಕಲಿತವರೆಂಬುದು ಗಮನಾರ್ಹ. ಇದೇ ಕಲೆಯ ಕೊಪ್ಪಳ ಜಿಲ್ಲೆಯ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು.

ಸ್ಥಿರವಾದ ಮುಖ, ಚರವಾದ ಮಾತು ಎಂಬ ಈ ತತ್ತ್ವವೇ ಮುಂದಿನ ಎಲ್ಲ ರೂಪಗಳಿಗೂ ಕೀಲಿಕೈ. ಸಾಧು ಕೋಕಿಲ, ಜಗ್ಗೇಶ್, ತೆಲುಗಿನ ಬ್ರಹ್ಮಾನಂದಂ ಮುಂತಾದ ಹಾಸ್ಯನಟರ ಒಂದೊಂದು ಮುಖಮುದ್ರೆಯನ್ನು ಚಲನಚಿತ್ರದಿಂದ ಕತ್ತರಿಸಿ, ಅದೇ ಮುದ್ರೆಗೆ ಪರೀಕ್ಷೆಯ ಫಲಿತಾಂಶ, ವಿದ್ಯುತ್ ಕಡಿತ, ಮದುವೆಯ ಊಟ ಹೀಗೆ ನೂರು ಸಂದರ್ಭಗಳ ಮಾತನ್ನು ಜೋಡಿಸುವ ಹುಡುಗನೂ ತೊಗಲುಗೊಂಬೆ ಆಡಿಸುವವನೂ ಮಾಡುವ ಕೆಲಸ ಒಂದೇ. ಇಬ್ಬರೂ ಪರದೆಯ ಹಿಂದಿರುತ್ತಾರೆ, ಇಬ್ಬರಿಗೂ ಹೆಸರಿಲ್ಲ. ‘ಮೀಮ್’ ಎಂಬ ಪದವನ್ನು ರಿಚರ್ಡ್ ಡಾಕಿನ್ಸ್ 1976ರಲ್ಲಿ ಜೀವವಿಜ್ಞಾನದ ಹೋಲಿಕೆಯಿಂದ ಟಂಕಿಸಿದಾಗ ಅವನ ಮನಸ್ಸಿನಲ್ಲಿದ್ದುದು ತನ್ನಂತೆ ತಾನೇ ನಕಲಾಗುವ ಸಾಂಸ್ಕೃತಿಕ ಘಟಕ. ಆದರೆ ಕಿಳ್ಳೇಕ್ಯಾತನನ್ನು ಕಂಡವರಿಗೆ ‘ನಕಲು’ ಎಂಬ ವಿವರಣೆ ಸಾಲದು. ನಕಲಾಗುವುದು ಮುಖ ಮಾತ್ರ. ಮಾತು ಪ್ರತಿ ಊರಿನಲ್ಲಿಯೂ ಹೊಸದಾಗಿ ಹುಟ್ಟಬೇಕು.

ಅಚ್ಚಿನ ಕಾಲದ ಘಟ್ಟವನ್ನು ಇಲ್ಲಿ ಸಂಕ್ಷೇಪವಾಗಿ ನೋಡಿದರೆ ಸಾಕು. ‘ರಾಶಿ’ ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ಹಾಸ್ಯ ಮಾಸಪತ್ರಿಕೆಗೆ ‘ಕೊರವಂಜಿ’ ಎಂದು ಹೆಸರಿಟ್ಟದ್ದು ಅರ್ಥಪೂರ್ಣ. ಕೊರವಂಜಿ ಕೈಯ ಗೆರೆ ನೋಡಿ ಕಣಿ ಹೇಳುವವಳು, ಎಂದರೆ ಗೆರೆಗೆ ಮಾತು ಕೊಡುವವಳು. ಮೈಸೂರಿನ ಆರ್.ಕೆ. ಲಕ್ಷ್ಮಣರ ಆರಂಭದ ಗೆರೆಗಳು ಮೂಡಿದ್ದು ಇದೇ ಪತ್ರಿಕೆಯಲ್ಲಿ. 1980ರ ದಶಕದಲ್ಲಿ ಹುಟ್ಟಿದ ‘ಅಪರಂಜಿ’ ಆ ಪರಂಪರೆಯನ್ನು ಮುಂದುವರಿಸಿತು. ಲಕ್ಷ್ಮಣರು 1951ರಿಂದ ‘ಟೈಮ್ಸ್ ಆಫ್ ಇಂಡಿಯಾ’ಕ್ಕೆ ಬರೆದ ಕಿರುಚಿತ್ರಗಳ ಶ್ರೀಸಾಮಾನ್ಯ ಬಾಯಿ ತೆರೆಯುವುದಿಲ್ಲ. ಮಾತೆಲ್ಲ ಅವನ ಸುತ್ತಲಿನವರದು. ಮೌನವೇ ಅವನ ಅಡಿಬರಹ. ‘ಪ್ರಜಾವಾಣಿ’ಯ ‘ಚಿನಕುರಳಿ’ಯಂತಹ ಕಿರುಚಿತ್ರಗಳು ಹಳ್ಳಿಯ ಓದುಗರಿಗೆ ದಿನಕ್ಕೊಂದು ಸಾಲಿನ ನಗೆಯನ್ನು ರೂಢಿಮಾಡಿಸಿದವು. ಬೆಂಗಳೂರಿನಲ್ಲಿ 2001ರಲ್ಲಿ ಸ್ಥಾಪನೆಯಾದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯು 2007ರಿಂದ ವ್ಯಂಗ್ಯಚಿತ್ರಗಳಿಗೆಂದೇ ಗ್ಯಾಲರಿಯೊಂದನ್ನು ನಡೆಸುತ್ತ ಬಂದಿದೆ. ಸಹಿಯುಳ್ಳ ಚಿತ್ರಕ್ಕೆ ಹೀಗೆ ಒಂದು ಮನೆಯಾಯಿತು. ಸಹಿಯಿಲ್ಲದ ಚಿತ್ರದ ಗತಿ ಬೇರೆ.

ಸಹಿಯಿಲ್ಲದ ಚಿತ್ರವನ್ನು ಮೊದಲು ಗಂಭೀರವಾಗಿ ಎತ್ತಿಕೊಂಡವರಲ್ಲಿ ಅಲನ್ ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ ಪ್ರಮುಖರು. ಅಮೆರಿಕದ ಕಚೇರಿಗಳಲ್ಲಿ ಗುಮಾಸ್ತರು ನಕಲುಯಂತ್ರದಲ್ಲಿ ತೆಗೆದು ಗೋಡೆಗೆ ಅಂಟಿಸುತ್ತಿದ್ದ ನಗೆಚಿತ್ರಗಳನ್ನು ಕಲೆಹಾಕಿ, 1975ರಲ್ಲಿ ‘ಅರ್ಬನ್ ಫೋಕ್‌ಲೋರ್ ಫ್ರಮ್ ದ ಪೇಪರ್‌ವರ್ಕ್ ಎಂಪೈರ್’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಜಾನಪದವೆಂದರೆ ಬಾಯಿಮಾತು ಮಾತ್ರ, ಹಳ್ಳಿಯದು ಮಾತ್ರ ಎಂಬ ಎರಡು ನಂಬಿಕೆಗಳನ್ನೂ ಆ ಗ್ರಂಥ ಪ್ರಶ್ನಿಸಿತು. ಒಂದೇ ಚಿತ್ರ ಬೇರೆ ಬೇರೆ ಕಚೇರಿಗಳಲ್ಲಿ ಬೇರೆ ಬೇರೆ ಅಡಿಬರಹ ಪಡೆದಿತ್ತೆಂಬುದಕ್ಕೆ ಅವರು ಪಾಠಾಂತರಗಳನ್ನೇ ಸಾಕ್ಷಿಯಾಗಿ ಒದಗಿಸಿದರು. ಅವರು ಸಂಗ್ರಹಿಸಿದ್ದರಿಂದಲೇ ಆ ಹಾಳೆಗಳು ಉಳಿದವು.

ಬರಹವುಳ್ಳ ಚಿತ್ರ ನ್ಯಾಮತಿ ಸೀಮೆಗೆ ಮೊಬೈಲಿನೊಂದಿಗೆ ಬಂದುದಲ್ಲ. ಇಲ್ಲಿ ದೀಪಾವಳಿಯ ಅನಂತರ ನಡೆಯುವ ಹೋರಿ ಬೆದರಿಸುವ ಹಬ್ಬವನ್ನು ನೋಡಬಹುದು. ಹೊನ್ನಾಳಿ, ನ್ಯಾಮತಿ, ಶಿಕಾರಿಪುರ, ಹಾವೇರಿ ಭಾಗಗಳಲ್ಲಿ ಕೊರಳಿಗೆ ಕೊಬ್ಬರಿ ಕಟ್ಟಿ, ಬಲೂನು ರಿಬ್ಬನ್ನುಗಳಿಂದ ಸಿಂಗರಿಸಿ, ಬೆನ್ನ ಮೇಲೆ ಜೂಲ ಹೊದಿಸಿ ಹೋರಿಗಳನ್ನು ಅಖಾಡದಲ್ಲಿ ಓಡಿಸುತ್ತಾರೆ; ಯುವಕರು ಕೊಬ್ಬರಿ ಹರಿಯಲು ಮುನ್ನುಗ್ಗುತ್ತಾರೆ. ಹೋರಿಗೆ ಹೆಸರುಂಟು, ಹೆಸರಿಗೆ ಫಲಕವುಂಟು. ಪುರಾಣ, ಸಿನಿಮಾ, ಭೂಗತಲೋಕ ಎಲ್ಲಿಂದಲಾದರೂ ಆಯ್ದ ಬಿರುದುಗಳು ಪ್ರಾಣಿಯ ನೆತ್ತಿಯ ಮೇಲೆ ಬರಹವಾಗಿ ಓಡುತ್ತವೆ. ಆ ಬರಹದ ಉದ್ದೇಶ ವೀರ, ನಗೆಯಲ್ಲ. ಆದರೆ ಭಯಂಕರ ಬಿರುದಿನ ಫಲಕ ಹೊತ್ತ ಹೋರಿ ಅಖಾಡದ ನಡುವೆ ನಿಂತು ಮೆಲುಕು ಹಾಕತೊಡಗಿದರೆ, ಅದೇ ಬರಹ ಅಕ್ಷರವೂ ಬದಲಾಗದೆ ನಗೆಯ ಅಡಿಬರಹವಾಗುತ್ತದೆ. ಮಾತು ಅದೇ, ಚಿತ್ರ ತಿರುಗಿತು. ವೀರಕ್ಕೂ ಹಾಸ್ಯಕ್ಕೂ ನಡುವಿನ ಗೋಡೆ ಎಷ್ಟು ತೆಳುವೆಂಬುದು ಅಖಾಡದಲ್ಲಿ ನಿಂತವರಿಗೆ ತಿಳಿದದ್ದೇ.

ದೃಷ್ಟಿಬೊಂಬೆಯೂ ಇಂತಹದೇ ಇನ್ನೊಂದು ಮೂಲ. ಕಟ್ಟುತ್ತಿರುವ ಮನೆಗೆ, ಫಲ ಬಿಟ್ಟ ಹೊಲಕ್ಕೆ ಕೆಟ್ಟಕಣ್ಣು ತಾಗದಿರಲೆಂದು ನಾಲಗೆ ಚಾಚಿದ ವಿಕಾರ ಮುಖವನ್ನು ತೂಗುಹಾಕುವ ರೂಢಿ ವ್ಯಾಪಕ. ನೋಡುವವರ ಕಣ್ಣನ್ನು ತನ್ನತ್ತ ಸೆಳೆದು ಬೆಳೆಯನ್ನು ಕಾಯುವುದು ಅದರ ಕೆಲಸ. 2018ರಲ್ಲಿ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ರೈತನೊಬ್ಬ ವಿಕಾರ ಮುಖದ ಬದಲು ನಟಿ ಸನ್ನಿ ಲಿಯೋನ್ ಅವರ ಚಿತ್ರವನ್ನು ಹೊಲದಲ್ಲಿ ನಿಲ್ಲಿಸಿ, ತನ್ನನ್ನು ನೋಡಿ ಹೊಟ್ಟೆಕಿಚ್ಚುಪಡಬೇಡ ಎಂಬರ್ಥದ ತೆಲುಗು ಸಾಲನ್ನು ಅದರ ಮೇಲೆ ಬರೆಸಿದ್ದು ಸುದ್ದಿಯಾಯಿತು. ಲಾರಿ, ಆಟೊಗಳ ಹಿಂದೆ ಕಾಣುವ ಬರಹಗಳ ಧಾಟಿಯೂ ಇದೇ. ಹಳೆಯ ನಂಬಿಕೆ, ವಾಹನದ ಬರಹ, ಸಿನಿಮಾ ಮುಖ ಮೂರೂ ಒಂದು ಫ್ಲೆಕ್ಸ್‌ನಲ್ಲಿ ಕೂಡಿದವು. ಅದನ್ನು ನಂಬಿಕೆಯ ಶಿಥಿಲತೆ ಎಂದು ಓದುವುದು ಅವಸರದ ತೀರ್ಮಾನವಾದೀತು, ಏಕೆಂದರೆ ಬೊಂಬೆಯ ಕೆಲಸವನ್ನು ಚಿತ್ರ ಮಾಡುತ್ತಲೇ ಇತ್ತು.

ಸಿದ್ಧಸೂತ್ರಗಳ ವಿಷಯಕ್ಕೆ ಬಂದರೆ ಇತ್ತೀಚಿನ ಎರಡು ಕನ್ನಡ ನಿದರ್ಶನಗಳು ಸಾಕು. 2016ರಲ್ಲಿ ತೆರೆಕಂಡ ‘ಜಾಗ್ವಾರ್’ ಚಿತ್ರದ ಸಮಾರಂಭವೊಂದರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ಮಗನನ್ನು ‘ನಿಖಿಲ್, ಎಲ್ಲಿದ್ದೀಯಪ್ಪ’ ಎಂದು ಕರೆದರು. ಮಾತು ಅಲ್ಲಿಗೇ ಮುಗಿದಿತ್ತು. ನಿಖಿಲ್ ಅವರು ಮಂಡ್ಯದಿಂದ ಲೋಕಸಭೆಗೆ ಸ್ಪರ್ಧಿಸಿದ 2019ರಲ್ಲಿ ಆ ದೃಶ್ಯ ಮತ್ತೆ ಮೇಲೆ ಬಂದು, ಎಲ್ಲಿದ್ದಾನೋ ತಿಳಿಯದ ಯಾರ ಚಿತ್ರಕ್ಕಾದರೂ ಒಗ್ಗುವ ಅಡಿಬರಹವಾಯಿತು. ಹೆಸರಿನ ಜಾಗ ಖಾಲಿ, ‘ಎಲ್ಲಿದ್ದೀಯಪ್ಪ’ ಸ್ಥಿರ. ಹಾಡುಗಬ್ಬಗಳ ಅಧ್ಯಯನದಲ್ಲಿ ಸೂತ್ರಪದಗುಚ್ಛ ಎಂದು ಕರೆಯುವುದು ಇದನ್ನೇ.

‘ಈ ಸಲ ಕಪ್ ನಮ್ದೇ’ ಎಂಬುದರ ಚರಿತ್ರೆ ಇನ್ನೂ ಸ್ವಾರಸ್ಯಕರ. ಬೆಂಗಳೂರಿನ ಐಪಿಎಲ್ ತಂಡದ ಅಭಿಮಾನಿಗಳ ಈ ಘೋಷಣೆ, ತಂಡ ವರ್ಷವರ್ಷವೂ ಸೋಲುತ್ತ ಹೋದಂತೆ, ಈಡೇರದ ಆಸೆಗಳೆಲ್ಲದರ ಅಡಿಬರಹವಾಯಿತು. ಮೇಲೆ ಹೇಳಿದ ಕಣದ ಕೋತಿಗೆ ‘ಈ ಸಲ ರೇಟು ನಮ್ದೇ’ ಎಂದು ಬರೆದರೆ ಅಡಿಕೆ ದರದ ನಿರೀಕ್ಷೆ ಮತ್ತು ನಿರಾಸೆ ಎರಡೂ ಒಂದೇ ಸಾಲಿನಲ್ಲಿ ಬರುವುದು ಈ ಹಿನ್ನೆಲೆಯಿಂದಲೇ. 2024ರ ಮಾರ್ಚ್‌ನಲ್ಲಿ ಮಹಿಳಾ ತಂಡ ಪ್ರಶಸ್ತಿ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ‘ನಮ್ದೇ’ಯನ್ನು ‘ನಮ್ದು’ ಎಂದು ತಿದ್ದಿ ನುಡಿದರು. ಅವಧಾರಣೆಯ ‘ಏ’ ಬಿದ್ದುಹೋದೊಡನೆ ಆಸೆಯ ವಾಕ್ಯ ಸಂಗತಿಯ ವಾಕ್ಯವಾಯಿತು. ಕನ್ನಡ ಮನೆಮಾತಲ್ಲದ ಆಟಗಾರ್ತಿಯೊಬ್ಬರು ಒಂದು ಸ್ವರದಲ್ಲಿ ತೋರಿದ ಈ ಭೇದವನ್ನು ವ್ಯಾಕರಣದ ತರಗತಿಯಲ್ಲಿ ಉದಾಹರಿಸಬಹುದು. ಪುರುಷರ ತಂಡ 2025ರ ಜೂನ್ 3ರಂದು ಗೆದ್ದಿತು. ಮರುದಿನ, ಜೂನ್ 4ರಂದು, ಬೆಂಗಳೂರಿನ ಕ್ರೀಡಾಂಗಣದ ಬಳಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಹಿಂದಿನ ರಾತ್ರಿ ನಗೆಯೊಂದಿಗೆ ಹಂಚಿಕೆಯಾದ ಸಾಲನ್ನು ಮರುದಿನ ಸಂಜೆ ಅದೇ ರೀತಿಯಲ್ಲಿ ಹಂಚುವುದು ಸಾಧ್ಯವಿರಲಿಲ್ಲ. ಅಕ್ಷರಗಳು ಅವೇ. ದಿನಾಂಕವಿಲ್ಲದೆ ಸಂಗ್ರಹಿಸಿದ ಅಡಿಬರಹ ಮುಂದಿನ ಸಂಶೋಧಕನಿಗೆ ಏನನ್ನು ತಿಳಿಸೀತು ಎಂಬ ಪ್ರಶ್ನೆ ಇಲ್ಲಿ ನೇರವಾಗಿ ಎದುರಾಗುತ್ತದೆ.

ಸಂದರ್ಭ ಕಳಚಿದಾಗ ಆಗುವ ಅನಾಹುತಕ್ಕೆ ಬಂಗಾಳದ ಪ್ರಕರಣ ಪ್ರಸಿದ್ಧ. ಜಾದವ್‌ಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು 2012ರ ಏಪ್ರಿಲ್‌ನಲ್ಲಿ, ಮುಖ್ಯಮಂತ್ರಿಯನ್ನು ಕುರಿತ ನಗೆಚಿತ್ರವನ್ನು ಇತರರಿಗೆ ರವಾನಿಸಿದ ಕಾರಣಕ್ಕೆ ಬಂಧಿಸಲಾಯಿತು. ಚಿತ್ರದ ಮಾತುಗಳು ಸತ್ಯಜಿತ್ ರಾಯ್ ಅವರ ‘ಸೋನಾರ್ ಕೆಲ್ಲಾ’ ಚಲನಚಿತ್ರದ ಸಂಭಾಷಣೆಯನ್ನು ಅನುಸರಿಸಿದ್ದವು. ಸಿನಿಮಾ ಬಲ್ಲವರಿಗೆ ಅದು ನಗೆ. ಅಕ್ಷರಶಃ ಓದಿದವರಿಗೆ ಬೆದರಿಕೆ. ಅವರು ಪ್ರಕರಣದಿಂದ ಪೂರ್ಣ ಬಿಡುಗಡೆ ಪಡೆದದ್ದು 2023ರಲ್ಲಿ.

ಇದಕ್ಕಿಂತ ಕಡಿಮೆ ಚರ್ಚೆಯಾದ, ಆದರೆ ಹಳ್ಳಿಗೆ ಹೆಚ್ಚು ಹತ್ತಿರದ ಸಮಸ್ಯೆ ಇನ್ನೊಂದಿದೆ. ಕಿಳ್ಳೇಕ್ಯಾತ ತೊಗಲು, ಅವನಿಗೆ ನೋವಿಲ್ಲ. ಸಿನಿಮಾ ನಟ ತನ್ನ ಮುಖವನ್ನು ನಗೆಗಾಗಿಯೇ ಕೊಟ್ಟವನು. ಆದರೆ ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಮುಖ ಒಬ್ಬ ಜೀವಂತ ವ್ಯಕ್ತಿಯದು. ಅದಕ್ಕೆ ಮಾತು ಜೋಡಿಸಿದವರು ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಇರಬಹುದು. ನಗೆಯ ಭಾರ ಹೊರುವವರು ಊರಿನಲ್ಲಿರುತ್ತಾರೆ. ಗೊಂಬೆಯಾಟದವನಿಗೆ ಊರು ಎದುರಿಗೇ ಕುಳಿತಿತ್ತು. ಮಾತು ಮಿತಿಮೀರಿದರೆ ಬೆಳಗ್ಗೆ ಅವನು ಕಾಳು ಕೇಳಲು ಹೋಗಬೇಕಾದದ್ದು ಅದೇ ಮನೆಗಳಿಗೆ. ಪರದೆಯ ಹಿಂದಿನ ಅನಾಮಿಕತೆಗೆ ಅಲ್ಲೊಂದು ಕಡಿವಾಣವಿತ್ತು, ಈಗಿನ ಪರದೆಗೆ ಅದಿಲ್ಲ. ಆಡುನುಡಿಯನ್ನು ಬಳಸಿ ನಗಿಸುವುದಕ್ಕೂ ಆಡುನುಡಿಯನ್ನು ಆಡುವವರನ್ನು ನೋಡಿ ನಗುವುದಕ್ಕೂ ಇರುವ ಅಂತರ ಇಲ್ಲಿ ಬೇಗ ಅಳಿಸಿಹೋಗುತ್ತದೆ. ‘ಹೋತು’ ಎಂಬ ರೂಪವನ್ನು ಅದನ್ನಾಡುವವರೇ ಬರೆದರೆ ಅದು ಸಲಿಗೆ. ಅದೇ ರೂಪವನ್ನು ಹೊರಗಿನವರು ‘ಹಳ್ಳಿ ಗಮಾರ’ನ ಬಾಯಿಗೆ ಹಾಕಿದರೆ ಬೇರೆಯೇ ಸಂಗತಿ.

ಸಂಗ್ರಹಕಾರರ ಮುಂದಿನ ತೊಡಕುಗಳು ಪ್ರಾಯೋಗಿಕವಾದವು. ಅಡಿಬರಹ ಚಿತ್ರದೊಳಗೇ ಬೆರೆತಿರುವುದರಿಂದ ಗಣಕದಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ. ಬರಹವನ್ನು ಬೇರೆಯಾಗಿ, ಕಾಗುಣಿತ ತಿದ್ದದೆ, ಲಿಪ್ಯಂತರಿಸಿಕೊಳ್ಳಬೇಕು. ರೋಮನ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಇಂಗ್ಲಿಷ್ ಎಂದೂ, ಕನ್ನಡ ಅಕ್ಷರದಲ್ಲಿ ಬರೆದ ಲಂಬಾಣಿಯನ್ನು ಕನ್ನಡ ಎಂದೂ ಸೂಚಿಗೆ ಸೇರಿಸುವ ಅಪಾಯವಿದೆ. ಸೂರಗೊಂಡನಕೊಪ್ಪದಂತಹ ನೆಲೆಯಿರುವ ತಾಲ್ಲೂಕಿನಲ್ಲಿ ಈ ಎರಡನೆಯ ತಪ್ಪು ಒಂದು ಸಮುದಾಯದ ನಗೆಯನ್ನೇ ಕಾಣದಂತೆ ಮಾಡಬಹುದು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅಮೆರಿಕನ್ ಜಾನಪದ ಕೇಂದ್ರವು 2014ರಿಂದ ಅಂತರ್ಜಾಲದ ಮೀಮ್‌ಗಳನ್ನೂ ಒಳಗೊಂಡ ಸಂಗ್ರಹ ಆರಂಭಿಸಿ 2017ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆಯಿತು. ನ್ಯಾಮತಿಗೆ ಜಾನಪದ ವಿಶ್ವವಿದ್ಯಾಲಯ ದೂರವೇನಿಲ್ಲ; 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನೆರೆಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ.

ಒಂದು ಹೋರಿಯ ಚಿತ್ರವನ್ನು ದಾಖಲಿಸುವುದಾದರೆ ಅದರ ಸೂಚಿಪತ್ರದಲ್ಲಿ ಏನೇನಿರಬೇಕು? ಚಿತ್ರ ತೆಗೆದ ಅಖಾಡ ಮತ್ತು ದಿನ. ಫಲಕದ ಮೇಲಿನ ಹೆಸರು, ಅದನ್ನು ಬರೆಸಿದವರು. ಚಿತ್ರದ ಮೇಲೆ ಅನಂತರ ಸೇರಿದ ಅಡಿಬರಹ, ಅದು ಮೊದಲು ಕಂಡ ದಿನ. ಅದೇ ಚಿತ್ರದ ಬೇರೆ ಪಾಠಗಳು. ನುಡಿ ಯಾವುದು, ಲಿಪಿ ಯಾವುದು. ಮಾತು ಯಾವ ಸಿನಿಮಾ, ಗಾದೆ, ಘೋಷಣೆಯಿಂದ ಬಂದದ್ದು. ಚಿತ್ರದಲ್ಲಿ ಗುರುತು ಸಿಗುವ ವ್ಯಕ್ತಿಗಳಿದ್ದರೆ ಅವರ ಒಪ್ಪಿಗೆ ಇದೆಯೇ, ಇಲ್ಲವಾದರೆ ಮುಖವನ್ನು ಮರೆಮಾಡಲಾಗಿದೆಯೇ. ಕೊನೆಯದಾಗಿ, ಅದನ್ನು ನೋಡಿ ಅಖಾಡದ ಊರಿನವರು ನಕ್ಕರೇ ಎಂಬ ಒಂದು ಕಲಮು. ಹೋರಿಯ ಒಡೆಯನ ಉತ್ತರವನ್ನು ಅದರಲ್ಲಿ ಪ್ರತ್ಯೇಕವಾಗಿ ಬರೆದುಕೊಳ್ಳುವುದು ಒಳ್ಳೆಯದು.